ಮೊಲದ ಚಮಚ

ಹಂಪವ್ವ, ಯಾರಿಗೂ ಹೇಳಬ್ಯಾಡ.
ಈ ಮನ್ಯಾಗ ಒಂದು ಬೆಳ್ಳಿ ಚಮಚ ಐತಿ.
ಅದಕ್ಕಂತ ಬ್ಯಾರೆ ಕಪಾಟು, ಬ್ಯಾರೆ ದೀಪ,
ಹಗಲು ರಾತ್ರಿ ಎ.ಸಿ.
ನನ್ನ ಖೋಲಿಗಿಲ್ಲ. ಇರಲಿ.

ಆರುನೂರು ವರ್ಷ ಅಂತ ಅದರ ವಯಸ್ಸು.
ಹಿಮ ಬೀಳೋ ದೇಶದ ಯಾರೋ ಅಕ್ಕಸಾಲಿ
ಗಾಜು ಅರದು, ಬೆಳ್ಳಿ ಮ್ಯಾಲೆ ಬಳದು,
ಕುಲುಮ್ಯಾಗಿಟ್ಟು ಕರಗಿಸ್ಯಾನ.
ಕರಗಿದ್ದು ನೀಲಿಯಾಗಿ ಕುಂತೈತಿ.
ಡ್ಯಾಮು ತುಂಬಿದಾಗ ಸಂಜಿಮುಂದ ನೋಡಿದ್ವಲ್ಲ,
ಆ ನೀಲಿ.
ಅದರ ಮ್ಯಾಲೆ ಬಿಳೇ ಗೆರ್ಯಾಗ
ಒಂದು ಮೊಲ, ಒಂದು ನಾಯಿ.

ಮೊದಲನೇ ಸಲ ಧೂಳು ಒರಸೂವಾಗ
ಕೈ ನಿಂತೇಬಿಟ್ಟಿತು.
ಓಡೂದು ನಾಯಿ!
ಬೆನ್ನು ಹತ್ತಿದ್ದು ಮೊಲ!
ಅಜ್ಜ ಹೇಳತಿದ್ದನಲ್ಲ, ಹೊಳಿದಂಡಿ ಮೊಲ,
ಆನೆಗೊಂದಿ ಗುಂಡುಗಳ ನಡುವ
ಗಕ್ಕನ ತಿರುಗಿ ನಿಂತ ಮೊಲ,
ಅದು ಹಿಮದೂರಿಗೆ ಯಾವಾಗ ಹೋತು,
ಅಲ್ಲಿಂದ ಕುವೈತಿಗೆ ಯಾವ ವೀಸಾದಾಗ ಬಂತು?

ದೊಡ್ಡ ಬಾಬಾನ್ನ ಕೇಳಿದೆ,
ಇದರಾಗ ಯಾರು ಉಣತಿದ್ರು ಅಂತ.
ಯಾರೂ ಇಲ್ಲ, ಅಂದ್ರು. ಇದು ನೋಡಾಕ.
ಆರುನೂರು ವರ್ಷ ಬಾಯಿ ಕಾಣದ ಚಮಚ!
ನಮ್ಮವ್ವ ಅಂಬಲಿ ತಿರುವತಿದ್ದ ಕಟ್ಟಿಗಿ ಹುಟ್ಟು
ನೆನಪೈತಿಲ್ಲೋ ನಿನಗ?
ತುದಿ ಸುಟ್ಟು ಕರ್ರಗ, ಅರ್ಧ ಸವದು,
ಆಮ್ಯಾಲೆ ಒಂದಿನ ಅದನ್ನೂ ಒಲಿಗೆ ಹಾಕಿದ್ಲು.

ಏಪ್ರಿಲ್‌ನ್ಯಾಗ ತೋಜ್ ಎದ್ದಿತು.
ತೋಜ್ ಅಂದ್ರ ಆಕಾಶನ ಮಣ್ಣಾಗಿ ಇಳಿಯೂದು.
ಮಾಮಾ ಹಡಿಯಾಕಂತ ಆಸ್ಪತ್ರ್ಯಾಗ,
ಗಂಡಸರೆಲ್ಲಾ ಅಲ್ಲೇ ಸಿಕ್ಕೊಂಡಾರ,
ಮನ್ಯಾಗ ನಾನು, ಮೂರು ವರ್ಷದ ಮಿಶಾರಿ.
ಎರಡು ದಿನ ಬಾಯಿ ಬಿಟ್ಟಿರಲಿಲ್ಲ ಅಂವ.
ಮಚ್‌ಬೂಸ್ ಉಗುಳಿದ, ಬಿಸ್ಕೀಟು ಒಗದ,
ಪ್ಲಾಸ್ಟಿಕ್ ಚಮಚ ನನ್ನ ಹಣಿಗೇ ಬೀಸಿದ.
ಬ್ಯಾಳಿ ಅನ್ನ ಕಲಸಿದೆ, ಅರಿಶಿಣ ಒಂದೀಟು ಹೆಚ್ಚು.
ಕೀಲಿ ಎಲ್ಲಿರತೈತಂತ
ಧೂಳು ಒರಸೋರಿಗೆ ಗೊತ್ತಿರತೈತಿ.

ತಗದೆ, ಹಂಪವ್ವ.
ಗುಬ್ಬಿ ಹಿಡದಷ್ಟು ಹಗುರ.
ಬ್ಯಾಟಿ ನಾಯಿ ಬಂತು, ಮೊಲ ಓಡಿತು, ಒಂದು ತುತ್ತು.
ಹೊಳಿ ಅಡ್ಡ ಬಂತು, ದಾರಿ ಮುಗೀತು, ಒಂದು ತುತ್ತು.
ಮೊಲ ಗಕ್ಕನ ತಿರುಗಿ ನಿಂತು…
ನಾ ಸುಮ್ಮನಾದೆ.
"ತಿರುಗಿ ನಿಂತು?" ಅಂದ,
ಅರಬ್ಬಿ ಗಂಟಲಾಗ, ನಮ್ಮ ಮಾತು.
ಬಟ್ಟಲ ಬರಿದಾಗೂತನಕ ನಾಯಿ ಓಡೇ ಓಡಿತು.

ಹೊರಗ ಕಿಡಕಿಗೆ ಮಣ್ಣು ಜರಡಿ ಹಿಡಿಯೋ ಸಪ್ಪಳ,
ಒಳಗ ಬೆಳ್ಳಿಗೆ ಹಾಲುಹಲ್ಲು ತಾಗೋ ಸಪ್ಪಳ.
ಆ ಹೊತ್ತಿಗೆ ಊರಾಗ ಗಂಟೆ ಎಷ್ಟೋ,
ನಿಂಗಿಗೆ ಉಣಿಸಿದ್ದಿಯೋ ಇಲ್ಲೋ,
ಕೇಳಬೇಕಂತಿದ್ದೆ. ಮರತೆ.

ಉಗುರುಬೆಚ್ಚಗಿನ ನೀರಾಗ ತೊಳದೆ,
ಓಢಣಿಲೆ ಒರಸಿ ಇದ್ದಂಗ ಇಟ್ಟೆ.
ಆದ್ರ ಮೊಲದ ಹಿಂಗಾಲ ಹತ್ರ
ನೀಲ್ಯಾಗ ಕೂದಲೆಳಿಯಷ್ಟು ಸೀಳೈತಿ.
ಅದರೊಳಗ ಅರಿಶಿಣ ಹೊಕ್ಕೈತಿ,
ಏನು ಮಾಡಿದ್ರೂ ಹೋಗವಲ್ದು.

ಚಳಿಗಾಲದಾಗ ಪರದೇಶದ ಪಂಡಿತ ಬಂದ.
ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು
ಒಂದು ತಾಸು ಉಸಿರಾಡಲಿಲ್ಲ.
ಈ ಹಳದಿ ಬಲು ಅಪರೂಪ, ಅಂದ,
ಆ ಕಾಲದವರ ಗುಟ್ಟಿರಬೇಕು.
(ಅಷ್ಟು ಇಂಗ್ಲೀಷು ನನಗೂ ತಿಳಿತೈತಿ.)
ದೊಡ್ಡ ಬಾಬಾ ಕುರ್ಚಿ ಮುಂದಕ್ಕೆಳಕೊಂಡ್ರು.
ನಾ ಚಾದ ತಾಟು ಹಿಡಕೊಂಡು
ಗ್ವಾಡಿ ಆಗಿ ನಿಂತಿದ್ದೆ.
ಆವಾಗ ಬಂದ ಮಿಶಾರಿ,
ಚಮಚ ನೋಡಿದ, ನನ್ನ ಮಾರಿ ನೋಡಿದ,
ಓಢಣಿ ಜಗ್ಗಿ
ಎಲ್ಲಾರ ಮುಂದ ಗಟ್ಟಿಯಾಗಿ ಕೇಳಿದ:
"ತಿರುಗಿ ನಿಂತು?"